ಚರಗ ಮತ್ತು ಸೀತನಿ: ಕೃಷ್ಣಾ-ಘಟಪ್ರಭಾ ನಡುನಾಡಿನ ಹೊಲದೂಟದ ಪೂರ್ವೇತಿಹಾಸ

ಶರದೃತುವಿನಲ್ಲಿ ಒಕ್ಕಲು ಮನೆತನದವರು ಮಕ್ಕಳುಮರಿ ಸಹಿತವಾಗಿ, ನೆಂಟರಿಷ್ಟರನ್ನು ಕೂಡಿಕೊಂಡು, ಊರು ಬಿಟ್ಟು ಹೊಲಕ್ಕೆ ಹೋಗಿ, ನಿಂತ ಬೆಳೆಯನ್ನು ಪೂಜಿಸಿ ಅಲ್ಲಿಯೇ ಉಂಡು ಬರುವ ಪದ್ಧತಿಯು ಉತ್ತರ ಕರ್ನಾಟಕದಲ್ಲೆಲ್ಲ ರೂಢಿಯಲ್ಲಿರುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿನಾಡು ಇದಕ್ಕೆ ಹೊರತಲ್ಲ. ಈ ಸೀಮೆಯ ಅಲಖನೂರಿನಂಥ ಊರುಗಳ ಒಕ್ಕಲಿಗನಿಗೆ ಇದರ ವಿಷಯದಲ್ಲಿ ವಿವರಣೆಯ ಅವಶ್ಯಕತೆಯಿಲ್ಲ. ಆದರೆ ಇತಿಹಾಸಜ್ಞರು ದೇವಾಲಯ, ಶಾಸನ, ರಾಜವಂಶಗಳ ಕಡೆಗೆ ಕೊಟ್ಟಷ್ಟು ಲಕ್ಷ್ಯವನ್ನು ಈ ಊಟದ ಕಡೆಗೆ ಕೊಟ್ಟಿಲ್ಲ. ಇದನ್ನು ಬರಿಯ ಹಬ್ಬವೆಂದು ಬಗೆದು ಜಾನಪದದ ಪಟ್ಟಿಯಲ್ಲಿ ಸೇರಿಸಿ ಬಿಟ್ಟುಬಿಡುವುದು ವಾಡಿಕೆಯಾಗಿದೆ. ವಿಚಾರಿಸಿ ನೋಡಿದರೆ ಇದರಲ್ಲಿ ಮೂರು ಬೇರೆಬೇರೆ ಪುರಾತನ ಸಂಸ್ಥೆಗಳು ಒಂದರೊಳಗೊಂದು ಕೂಡಿಕೊಂಡಿರುವುದು ಕಂಡುಬರುತ್ತದೆ: ಒಂದು ಗೃಹಸ್ಥನ ಯಜ್ಞ, ಇನ್ನೊಂದು ಪಟ್ಟಣಿಗನ ವಿನೋದ, ಮತ್ತೊಂದು ಹಸಿದವನ ಹಕ್ಕು.

ಮೊದಲು ರೂಢಿಯ ಸ್ವರೂಪವನ್ನು ಹೇಳತಕ್ಕದ್ದು. ಈ ನಾಡಿನ ಒಕ್ಕಲುತನಕ್ಕೆ ಮುಂಗಾರಿ, ಹಿಂಗಾರಿಗಳೆಂದು ಎರಡು ಬೆಳೆಗಳು. ಅದಕ್ಕೆ ಸರಿಯಾಗಿ ಹೊಲದೂಟದ ದಿನಗಳೂ ಎರಡು. ಆಶ್ವಯುಜ ಶುದ್ಧ ಪೂರ್ಣಿಮೆಯು ಶೀಗಿ ಹುಣ್ಣಿಮೆ. ಅಷ್ಟು ಹೊತ್ತಿಗೆ ಮುಂಗಾರಿಯ ಪೈರು ತೆನೆಗಟ್ಟಿರುತ್ತದೆ. ಉತ್ತರೆ, ಹಸ್ತೆಗಳ ಮಳೆಗೆ ಬಿತ್ತಿದ ಹಿಂಗಾರಿ ಜೋಳವು ಆಗ ಎಳೆಯ ಸಸಿಯಾಗಿದ್ದು, ಮಾರ್ಗಶೀರ್ಷದ ಎಳ್ಳ ಅಮಾವಾಸ್ಯೆಯ ವೇಳೆಗೆ ಹೊಡೆಯೊಡೆಯುವ ಹದಕ್ಕೆ ಬರುತ್ತದೆ. ಎರಡು ದಿನಗಳಲ್ಲಿಯೂ ಭೂಮಿಯನ್ನು ಬಸುರಿ ಹೆಂಗಸೆಂದೇ ಭಾವಿಸುವರು. ಬಸುರಿಯ ಬಯಕೆ ತೀರಿಸುವುದು, ಉಡಿ ತುಂಬುವುದು, ಪೈರಿಗೆ ಸೀರೆ ಉಡಿಸಿ ಹಸುರು ಬಳೆ ಇಡುವುದು ಈ ಭಾವನೆಯ ಅಂಗಗಳು. ಹೊಲದ ನಡುವೆ, ಇಲ್ಲವೆ ಬನ್ನಿಯ ಗಿಡದ ಬುಡದಲ್ಲಿ, ಐದು ಕಲ್ಲುಗಳನ್ನು ಸುಣ್ಣ ಹಚ್ಚಿ ನಿಲ್ಲಿಸಿ ಪಾಂಡವರೆಂದು ಪೂಜಿಸುವರು. ಹಿಂದೊಂದು ಆರನೆಯ ಕಲ್ಲನ್ನಿಟ್ಟು ಕರ್ಣನೆಂದು ಹೇಳುವವರೂ ಉಂಟು, ಕಳ್ಳನೆಂದು ಹೇಳುವವರೂ ಉಂಟು. ಪೂಜೆಯಾದ ಮೇಲೆ ತಂದ ಅಡಿಗೆಯೆಲ್ಲದರಿಂದ ತುಸುತುಸು ತೆಗೆದು ಕಲಸಿ, ಒಬ್ಬನು ಅದನ್ನು ನಾಲ್ಕೂ ದಿಕ್ಕಿಗೆ ಬೀರುತ್ತ ಕೂಗುತ್ತ ನಡೆದರೆ ಇನ್ನೊಬ್ಬನು ಹಿಂದಿನಿಂದ ನೀರು ಚಿಮುಕಿಸುತ್ತ ಹೋಗುವನು. ಇದಕ್ಕೇ ಚರಗ ಚೆಲ್ಲುವುದೆಂದು ಹೆಸರು. ಚರಗ ಚೆಲ್ಲುವವರೆಗೆ ಯಾರೂ ಉಣ್ಣುವಂತಿಲ್ಲ. ಚೆಲ್ಲಿದ ಮೇಲೆ ಹೊಲಕ್ಕೆ ಬಂದ ಯಾರನ್ನೂ ಉಣ್ಣಿಸದೆ ಕಳಿಸುವಂತಿಲ್ಲ.

ಬುತ್ತಿಯಲ್ಲಿರುವ ಪದಾರ್ಥಗಳೂ ಲಕ್ಷ್ಯಕ್ಕೆ ಯೋಗ್ಯವಾದವು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಜೋಳದ ಕಡಬು, ಕರಿಗಡಬು, ಶೇಂಗಾ ಹೋಳಿಗೆ, ಪುಂಡಿಯ ಪಲ್ಯ, ಎಣ್ಣೆಗಾಯಿ, ಮಡಕಿಯ ಉಸಳಿ, ಗುರೆಳ್ಳು ಹಿಂಡಿ, ಅಗಸಿಯ ಹಿಂಡಿ, ಕೆಂಪು ಖಾರ, ಮೊಸರು ಕಲಸಿದ ಬಾನ: ಇವುಗಳಲ್ಲಿ ಹೆಚ್ಚಿನವು ಅದೇ ಹೊಲದಲ್ಲಿಯೋ ನೆರೆಯ ಹೊಲದಲ್ಲಿಯೋ ಬೆಳೆದವು. ಒಂದೇ ಹೊಲದಲ್ಲಿ ಜೋಳದ ಸಾಲುಗಳ ನಡುವೆ ತೊಗರಿ, ಪುಂಡಿ, ಎಳ್ಳು, ಮಡಕಿಗಳನ್ನು ಅಕ್ಕಡಿಯಾಗಿ ಬಿತ್ತುವ ಪದ್ಧತಿಯಿದ್ದುದರಿಂದ ಬುತ್ತಿಯು ಹೊಲದ ಪ್ರತಿಬಿಂಬವೇ ಆಗಿತ್ತೆಂದರೂ ಸಲ್ಲುವುದು. ಮಲೆನಾಡಿನಲ್ಲಿ ಇದೇ ಹುಣ್ಣಿಮೆಗೆ ಭೂಮಿ ಹುಣ್ಣಿಮೆಯೆಂದು ಹೆಸರು. ಅಲ್ಲಿ ದೀವರ ಹೆಂಗಸರು ಬಿದಿರ ಬುಟ್ಟಿಗೆ ಚಿತ್ತಾರ ಬರೆದು, ಅದರಲ್ಲಿ ಅಡಿಗೆಯನ್ನಿಟ್ಟು ಗದ್ದೆಗೆ ಒಯ್ಯುವರು. ಜೋಳದ ನಾಡಿಗೂ ಭತ್ತದ ನಾಡಿಗೂ ಬುತ್ತಿಯ ಒಳಗು ಬೇರೆ, ವಿಧಿಯು ಒಂದೇ.

ಈ ವಿಧಿಯ ಮೂಲವೇನು? ಚರಗವೆಂಬ ಮಾತು ಸಂಸ್ಕೃತದ ಚರು ಶಬ್ದಕ್ಕೆ ಸಂಬಂಧಪಟ್ಟುದೆಂದು ಹೇಳುವುದುಂಟು. ದೇವತೆಗಳಿಗೆ ಅರ್ಪಿಸತಕ್ಕ ಬೇಯಿಸಿದ ಧಾನ್ಯಕ್ಕೆ ಚರುವೆಂದು ಹೆಸರಾದುದರಿಂದ ಅರ್ಥವು ಹೊಂದುತ್ತದೆ. ಆದರೆ ಬರಿಯ ಶಬ್ದಸಾಮ್ಯದ ಮೇಲೆ ಹೆಚ್ಚು ಭಾರವನ್ನು ಹೊರಿಸಲಾಗದು. ವಿಧಿಯ ಸಾಮ್ಯವು ಅದಕ್ಕಿಂತ ಬಲವತ್ತರವಾದುದು. ಗೃಹ್ಯಸೂತ್ರಗಳಲ್ಲಿ ಆಶ್ವಯುಜ ಪೂರ್ಣಿಮೆಗೆ ಆಶ್ವಯುಜೀ ಎಂಬ ಕರ್ಮವೊಂದು ವಿಹಿತವಾಗಿದೆ. ಹೊಸ ಧಾನ್ಯವನ್ನು ದೇವತೆಗಳಿಗೆ ಅರ್ಪಿಸದೆ ತಾನು ಉಣ್ಣಬಾರದೆಂಬ ಆಗ್ರಯಣದ ನಿಯಮವೂ ಶರತ್ಕಾಲದ ಭತ್ತಕ್ಕೆ ಅನ್ವಯಿಸುವುದು. ಎಲ್ಲಕ್ಕೂ ಮಿಗಿಲಾಗಿ ಪಾರಸ್ಕರ ಗೃಹ್ಯಸೂತ್ರದ ಎರಡನೆಯ ಕಾಂಡದಲ್ಲಿ ಸೀತಾಯಜ್ಞವು ಹೇಳಲ್ಪಟ್ಟಿದೆ. ಇಲ್ಲಿ ಸೀತೆಯೆಂದರೆ ರಾಮಾಯಣದ ನಾಯಿಕೆಯಲ್ಲ, ನೇಗಿಲ ಸಾಲು. ಅವಳನ್ನು ಇಂದ್ರನ ಪತ್ನಿಯೆಂದು ಆಹ್ವಾನಿಸುವರು. ಯಜ್ಞವನ್ನು ಹೊಲದಲ್ಲಿ ನಡೆಸಬಹುದು. ಆಹುತಿಗಳಾದ ಮೇಲೆ ಸಾಲನ್ನು ಕಾಯುವ ದೇವತೆಗಳಿಗೆ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂಬ ಕ್ರಮದಿಂದ ನಾಲ್ಕೂ ದಿಕ್ಕುಗಳಲ್ಲಿ ಬಲಿಯನ್ನಿಡಬೇಕು. ಸೂತ್ರಕಾರನು ಇನ್ನೂ ಒಂದು ಮಾತನ್ನು ಸೇರಿಸಿದ್ದಾನೆ: ಹೆಂಗಸರೂ ಬಲಿಯನ್ನು ಅರ್ಪಿಸಬೇಕು, ಏಕೆಂದರೆ ಹಾಗೆ ಆಚಾರವುಂಟು.

ಈ ಕೊನೆಯ ಮಾತು ಬಹಳ ಮಹತ್ವದ್ದು. ಶಾಸ್ತ್ರವನ್ನು ಬರೆಯುವವನು ಇಲ್ಲಿ ಶಾಸ್ತ್ರವನ್ನು ಆಧಾರವಾಗಿ ಕೊಡದೆ ರೂಢಿಯನ್ನು ಕೊಟ್ಟಿದ್ದಾನೆ. ಎಂದರೆ ಸೂತ್ರವು ಹುಟ್ಟುವುದಕ್ಕೆ ಮೊದಲೇ ಹೆಂಗಸರು ಹೊಲದಲ್ಲಿ ಬಲಿಯಿಡುತ್ತಿದ್ದರು, ಸೂತ್ರವು ಅದನ್ನು ಒಪ್ಪಿಕೊಂಡಿತು. ಆದುದರಿಂದ ಚರಗವು ವೈದಿಕ ಯಜ್ಞದ ಅಪಭ್ರಷ್ಟ ರೂಪವೆಂದು ಹೇಳುವುದು ಸಾಹಸವಾದೀತು. ಒಕ್ಕಲಿಗರ ಹಳೆಯ ಆಚಾರವೊಂದು ಒಂದೆಡೆಯಲ್ಲಿ ಸೂತ್ರದೊಳಗೆ ಸೇರಿ ಮಂತ್ರವನ್ನು ಪಡೆಯಿತು; ಇನ್ನೊಂದೆಡೆಯಲ್ಲಿ ಮಂತ್ರವಿಲ್ಲದೆ ಕೂಗಿನೊಡನೆಯೇ ಉಳಿಯಿತು ಎಂದು ಹೇಳುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಪಾರಸ್ಕರನ ದೇಶಕ್ಕೂ ಕೃಷ್ಣಾತೀರಕ್ಕೂ ದೂರ ಬಹಳ. ಒಂದರಿಂದ ಇನ್ನೊಂದು ಬಂದಿತೆನ್ನಲು ನಡುವಿನ ಕೊಂಡಿಗಳು ಬೇಕು. ಚರಗ ಚೆಲ್ಲುವಾಗಿನ ಕೂಗು ಊರಿಂದೂರಿಗೆ ಬದಲಾಗುತ್ತದೆ. ಅದಕ್ಕೆ ಅರ್ಥ ಹೇಳಹೊರಟವರಲ್ಲಿ ಒಮ್ಮತವಿಲ್ಲ, ಒಮ್ಮತವು ಬೇಕೆಂದೂ ಕೂಗುವವರಿಗೆ ತೋರಿಲ್ಲ.

ಎರಡನೆಯ ಸಂಸ್ಥೆಯು ವಿನೋದ. ವಾತ್ಸ್ಯಾಯನನು ಕಾಮಸೂತ್ರದ ಮೊದಲನೆಯ ಅಧಿಕರಣದಲ್ಲಿ ನಾಗರಕನ, ಎಂದರೆ ಪಟ್ಟಣದ ರಸಿಕನ, ದಿನಚರಿಯನ್ನು ವರ್ಣಿಸುವಾಗ ಹಲವು ದೇಶೀಯ ಕ್ರೀಡೆಗಳ ಹೆಸರನ್ನು ಹೇಳಿದ್ದಾನೆ. ಅವುಗಳಲ್ಲಿ ಮಾವಿನ ಕಾಯಿ ಕೀಳುವುದು, ತಾವರೆಯ ದಂಟು ತಿನ್ನುವುದು ಮುಂತಾದವುಗಳ ಜೊತೆಗೆ ಅಭ್ಯೂಷಖಾದಿಕಾ ಎಂಬುದೊಂದುಂಟು. ಗಿಡದಲ್ಲಿರುವಂತೆಯೇ ಕಾಯಿಗಳನ್ನು ಬೆಂಕಿಯಲ್ಲಿ ಸುಟ್ಟು ತಿನ್ನುವುದೇ ಇದೆಂದು ಜಯಮಂಗಲಾ ವ್ಯಾಖ್ಯಾನವನ್ನು ಬರೆದ ಯಶೋಧರನು ಅರ್ಥ ಹೇಳಿದ್ದಾನೆ. ಹಸಿಗಡಲೆಯ ಗಿಡವನ್ನು ಬೇರುಸಹಿತ ಕಿತ್ತು, ಒಣಹುಲ್ಲಿನ ಉರಿಯಲ್ಲಿ ಹಿಡಿದು, ಕಪ್ಪಾದ ಸುಲಗಾಯಿಯನ್ನು ಬಿಡಿಸಿ ತಿಂದವರಿಗೆ ಯಶೋಧರನ ಮಾತಿಗೆ ಬೇರೆ ಟೀಕೆ ಬೇಡ.

ಕನ್ನಡ ನಾಡಿನ ಸಾಕ್ಷ್ಯವು ಇನ್ನೂ ಸಮೀಪದ್ದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (ಕ್ರಿ. ಶ. 1126-1138) ಶಕ 1051ರ, ಎಂದರೆ ಕ್ರಿ. ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳುಳ್ಳ ಗ್ರಂಥ. ಅದರ ಕೊನೆಯ ವಿಂಶತಿಯು ರಾಜನ ಇಪ್ಪತ್ತು ಕ್ರೀಡೆಗಳಿಗೆ ಮೀಸಲು. ಬೆಟ್ಟ, ವನ, ಮರಳು, ಬೆಳುದಿಂಗಳು ಇವುಗಳಲ್ಲಿ ಆಡುವ ಕ್ರೀಡೆಗಳ ಸಾಲಿನಲ್ಲಿ ಸಸ್ಯಕ್ರೀಡೆಯೂ ಒಂದು. ಎಂದರೆ ಬೆಳೆದು ನಿಂತ ಹೊಲವು ರಾಜನ ವಿಹಾರಸ್ಥಾನವಾಗಿ ಎಣಿಕೆಗೆ ಬಂದಿದೆ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಈ ಗ್ರಂಥದ ಮೊದಲನೆಯ ಸಂಪುಟವು 1925ರಲ್ಲಿಯೂ ಎರಡನೆಯದು 1939ರಲ್ಲಿಯೂ ಪ್ರಕಟವಾದರೂ ಕ್ರೀಡಾಭಾಗವು ಮೂರನೆಯ ಸಂಪುಟದಲ್ಲಿ 1961ರಲ್ಲಿ ಹೊರಬಿದ್ದಿತು. ಸಸ್ಯಕ್ರೀಡೆಯು ಬಹುಕಾಲ ವಿದ್ವಾಂಸರ ಚರ್ಚೆಗೆ ಬಾರದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಸೋಮೇಶ್ವರನ ಆಳಿಕೆಯಲ್ಲಿ ಈ ನಾಡು ಸವದತ್ತಿಯ ರಟ್ಟರ ಕೂಂಡಿ ಮೂರುಸಾವಿರಕ್ಕೆ ಸೇರಿದ್ದು, ಶಾಸನಗಳಲ್ಲಿ ಹೂವಿನ ಬಾಗೆಯೆಂದು ಕರೆಯಲ್ಪಟ್ಟ ಊರೇ ಇಂದಿನ ರಾಯಬಾಗ. ಆದುದರಿಂದ ಚಕ್ರವರ್ತಿಯು ಕ್ರೀಡೆಯೆಂದು ಬರೆದುದನ್ನು ಅದೇ ಕಾಲದಲ್ಲಿ ಅವನ ಮಾಂಡಲಿಕರ ನೆಲದ ಒಕ್ಕಲಿಗನು ಬೇರೊಂದು ಹೆಸರಿನಿಂದ ಬಲ್ಲವನಾಗಿದ್ದನೆಂದು ಊಹಿಸುವುದು ಅಸಂಗತವಲ್ಲ. ಅದೇ ಶತಮಾನದಲ್ಲಿ ಒಕ್ಕಲಿಗ ಮುದ್ದಣ್ಣನೆಂಬ ಶರಣನು ಬೇಸಾಯದ ಪರಿಭಾಷೆಯಲ್ಲಿಯೇ ವಚನಗಳನ್ನು ಕಟ್ಟಿದನೆಂಬುದೂ ಇಲ್ಲಿ ಸ್ಮರಣೀಯವಾದುದು.

ಆದರೂ ಕ್ರೀಡೆಗೂ ಚರಗಕ್ಕೂ ಇರುವ ಭೇದವನ್ನು ಮರೆಯಲಾಗದು. ನಾಗರಕನೂ ರಾಜನೂ ಹೊಲಕ್ಕೆ ಹೋಗುವುದು ನೋಡುವುದಕ್ಕೆ. ಪೈರು ಬಾರದಿದ್ದರೆ ಅವರಿಗೆ ಇನ್ನೂ ಹತ್ತೊಂಬತ್ತು ಕ್ರೀಡೆಗಳುಂಟು. ಒಕ್ಕಲಿಗನಿಗೆ ಹಾಗಲ್ಲ. 1876ರಲ್ಲಿ ಮಳೆಯು ಕೈಕೊಟ್ಟು, ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಎರಡು ವರ್ಷಗಳ ಘೋರ ಬರವು ಬಿದ್ದಾಗ ಚರಗಕ್ಕೆ ಪೈರೂ ಇರಲಿಲ್ಲ, ಬುತ್ತಿಗೆ ಧಾನ್ಯವೂ ಇರಲಿಲ್ಲ. 1791-92ರ ಡೋಗಿ ಬರದ ನೆನಪನ್ನು ಈ ಸೀಮೆಯ ಜನರು ಬಹುಕಾಲ ಉಳಿಸಿಕೊಂಡು ಬಂದರು. ಬಯಕೆಯ ಊಟದ ಹಿಂದೆ ಈ ಭಯವಿದೆ. ಬಸುರಿಗೆ ಉಣ್ಣಿಸುವವರು ಹೆರಿಗೆಯು ಸುಸೂತ್ರವಾಗಲೆಂದೇ ಉಣ್ಣಿಸುವರು.

ಮೂರನೆಯದು ಹಕ್ಕು. ನಿಂತ ಬೆಳೆಯಲ್ಲಿ ಅನ್ಯರು ಕೈಯಿಡಬಹುದೆ ಎಂಬ ಪ್ರಶ್ನೆಯನ್ನು ಪ್ರಾಚೀನ ಧರ್ಮಶಾಸ್ತ್ರಜ್ಞರು ಎತ್ತಿಕೊಂಡಿದ್ದಾರೆ. ದಾರಿಯ ಬುತ್ತಿ ತೀರಿದ ದ್ವಿಜ ಪಥಿಕನು ಪರರ ಹೊಲದಿಂದ ಎರಡು ಕಬ್ಬು, ಎರಡು ಗಡ್ಡೆಗಳನ್ನು ತೆಗೆದುಕೊಂಡರೆ ದಂಡಾರ್ಹನಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ಉದುರಿದ ಹೂಹಣ್ಣುಗಳನ್ನು ದೇವಕಾರ್ಯಕ್ಕೂ, ಭತ್ತ ಮತ್ತು ಜವೆಗಳನ್ನು ಆಗ್ರಯಣಕ್ಕೂ ಶ್ರೋತ್ರಿಯರೂ ತಪಸ್ವಿಗಳೂ ಒಯ್ಯಬಹುದೆಂದು ಅನುಮತಿಯಿದೆ. ರಾಶಿಯ ಬುಡದಲ್ಲಿ ಉಳಿದ ಕಾಳು ಆಯ್ದು ಬದುಕುವವರಿಗೆ ಸೇರಿದ್ದು. ಈ ವಿನಾಯತಿಗಳು ವರ್ಣವನ್ನೂ ವೃತ್ತಿಯನ್ನೂ ನೋಡಿ ಕೊಟ್ಟವು, ಎಲ್ಲರಿಗೂ ತೆರೆದವಲ್ಲ. ಒಕ್ಕಲಿಗನ ಆಚಾರವು ಈ ವಿಷಯದಲ್ಲಿ ಶಾಸ್ತ್ರಕ್ಕಿಂತ ಉದಾರವಾಗಿದ್ದಿತೆಂದು ಹೇಳಬೇಕಾಗುತ್ತದೆ. ಬಡಿಗ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ಕಣದಲ್ಲಿ ತಮ್ಮ ಆಯವನ್ನು ಪಡೆಯುವುದು ವರ್ಷದ ಕೆಲಸಕ್ಕೆ ಪ್ರತಿಫಲ. ಅದು ಲೆಕ್ಕದ ಮಾತು. ಚರಗದ ದಿನದ ಊಟವೂ ಸೀತನಿಯ ಕಾಲದ ತೆನೆಯೂ ಲೆಕ್ಕದೊಳಗೆ ಬರುವವಲ್ಲ. ಆದರೆ ಸೀತನಿಗೆ ಬಂದವರೆಲ್ಲರೂ ಒಂದೇ ಕಂಬಳಿಯ ಮೇಲೆ ಕುಳಿತರೆಂದು ಹೇಳುವುದು ಸತ್ಯಕ್ಕೆ ದೂರ. ಜಾತಿಯ ಅಂತರವು ಹೊಲದಲ್ಲಿಯೂ ಇದ್ದೇ ಇದ್ದಿತು. ತೆನೆಯನ್ನು ನಿರಾಕರಿಸುತ್ತಿರಲಿಲ್ಲ, ಕೂಡುವ ಸ್ಥಳವು ಬೇರೆಯಾಗಿರುತ್ತಿತ್ತು.

ಸೀತನಿಯ ವಿಷಯವನ್ನು ತುಸು ವಿಸ್ತರಿಸುವುದು ಯೋಗ್ಯ. ಸೀ ಎಂದರೆ ಸಿಹಿ, ತೆನೆಯೆಂದರೆ ತೆನೆಯೇ; ಸೀತೆನೆಯೇ ಬಾಯಿಮಾತಿನಲ್ಲಿ ಸೀತನಿಯಾಗಿದೆ. ಕೆಲವೆಡೆ ಇದಕ್ಕೆ ಬೆಳಸಿಯೆಂದೂ ಹೆಸರು. ಗಡಿಯಾಚೆಯ ಮರಾಠಿಯಲ್ಲಿ ಹುರಡಾ. ಜೋಳದ ಕಾಳು ಹಾಲುದುಂಬಿ, ಇನ್ನೂ ಗಟ್ಟಿಯಾಗದೆ, ಬೆರಳಿನಿಂದ ಒತ್ತಿದರೆ ತಗ್ಗುವ ಹದದಲ್ಲಿರುವಾಗ ಮಾತ್ರ ಸೀತನಿಯಾಗುವುದು. ಕಾಳಿನೊಳಗಣ ಸಕ್ಕರೆಯು ಬಲಿತಂತೆ ಪಿಷ್ಟವಾಗಿ ಮಾರ್ಪಡುವುದರಿಂದ ಈ ಸಿಹಿಯು ಕೆಲವೇ ದಿನಗಳ ಮಾತು. ಹೊಲದಲ್ಲಿ ಸಣ್ಣದೊಂದು ಕುಣಿ ತೋಡಿ, ಕುಳ್ಳಿನ ಕೆಂಡ ಮಾಡಿ, ತೆನೆಗಳನ್ನು ಬೂದಿಯಲ್ಲಿ ಹುದುಗಿಸಿ, ಬಿಸಿಬಿಸಿಯಾಗಿರುವಾಗಲೇ ಅಂಗೈಯಲ್ಲಿಯೋ ಕಂಬಳಿಯ ಮೇಲೆಯೋ ತಿಕ್ಕಿ ಹೊಟ್ಟು ತೂರಿ, ಬೆಲ್ಲ, ಮೊಸರು, ಹಿಂಡಿಗಳೊಡನೆ ತಿನ್ನುವರು. ತಣ್ಣಗಾದ ಸೀತನಿಗೆ ರುಚಿಯಿಲ್ಲ. ಆದಕಾರಣ ಅದನ್ನು ಊರಿಗೆ ತರುವುದಕ್ಕಿಂತ ಉಣ್ಣುವವನೇ ಹೊಲಕ್ಕೆ ಹೋಗಬೇಕು. ಆತಿಥ್ಯದ ಈ ರೂಪವನ್ನು ನಿರ್ಣಯಿಸಿದ್ದು ಸಂಪ್ರದಾಯದಷ್ಟೇ ಕಾಳಿನ ಗುಣವೂ ಹೌದು. ಬೆಳೆಯುವ ಎಳೆಯ ಜೋಳದ ಸೊಪ್ಪು ದನಕ್ಕೆ ವಿಷವಾಗಬಲ್ಲುದೆಂಬುದನ್ನೂ ಇಲ್ಲಿಯ ಒಕ್ಕಲಿಗರು ರಸಾಯನಶಾಸ್ತ್ರದ ನೆರವಿಲ್ಲದೆಯೇ ಬಲ್ಲರು. ಮನುಷ್ಯರು ಬರುವ ಹೊಲಕ್ಕೆ ಎತ್ತುಗಳನ್ನು ಮೇಯಬಿಡುವುದಿಲ್ಲ.

ಈ ಊಟವು ಸ್ಥಳೀಯವೆಂದು ಹೇಳುವಾಗ ಸ್ಥಳೀಯವೆಂಬ ಮಾತಿಗೂ ಒಂದು ಇತಿಹಾಸವುಂಟೆಂಬುದನ್ನು ಗಮನಿಸಬೇಕು. ದಕ್ಷಿಣದ ನವಶಿಲಾಯುಗದ ನೆಲೆಗಳಾದ ಹಳ್ಳೂರು, ಸಂಗನಕಲ್ಲು ಮುಂತಾದೆಡೆಗಳಲ್ಲಿ ದೊರೆತ ಸುಟ್ಟ ಕಾಳುಗಳಿಂದ ತಿಳಿಯುವುದೇನೆಂದರೆ, ಇಲ್ಲಿಯ ಮೊದಲ ಒಕ್ಕಲಿಗರ ಮುಖ್ಯ ಆಹಾರವು ಕಿರುಧಾನ್ಯಗಳೂ ಹುರುಳಿ, ಹೆಸರುಗಳೂ ಆಗಿದ್ದವು. ಜೋಳವೂ ಸಜ್ಜೆಯೂ ಆಫ್ರಿಕಾದಲ್ಲಿ ಹುಟ್ಟಿ ಆಮೇಲೆ ಬಂದವು. ಹಳ್ಳೂರಿನಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಸಜ್ಜೆಯು ದೊರೆತಿದೆ. ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳೊಡನೆ ಅಮೇರಿಕೆಯಿಂದ ಬಂದಿತು. ಸೋಮೇಶ್ವರನ ಪಾಕಶಾಲೆಯ ಖಾರವೆಲ್ಲ ಕರಿಮೆಣಸಿನದು. ಶೇಂಗಾವೂ ಅದೇ ಖಂಡದ್ದು; ಅದು ಹೊಲಗಳನ್ನು ವ್ಯಾಪಿಸಿದ್ದು ಬಹಳ ಈಚೆಗೆ. ಹೀಗೆ ಚರಗದ ಬುತ್ತಿಯೊಂದರಲ್ಲಿ ಹುರುಳಿ, ಸಜ್ಜೆ, ಎಳ್ಳು, ಕೆಂಪು ಖಾರ, ಶೇಂಗಾ ಹೋಳಿಗೆಗಳು ಅಗೆತದ ನೆಲದ ಪದರುಗಳಂತೆ ಒಂದರ ಮೇಲೊಂದು ಕುಳಿತಿವೆ. ಹೊರಗಿನಿಂದ ಬಂದ ಧಾನ್ಯಕ್ಕೆ ಚರಗವು ಅಡ್ಡಿ ಮಾಡಲಿಲ್ಲ. ಹೊಲದಲ್ಲಿ ಬೆಳೆದುದೆಲ್ಲ ಬುತ್ತಿಗೆ ಬಂದಿತು.

ಬುತ್ತಿಗೆ ಬಾರದ ಬೆಳೆಗಳು ಬಂದಾಗ ಪ್ರಶ್ನೆಯು ಬೇರೆಯಾಯಿತು. ಮೊದಲನೆಯದು ತಂಬಾಕು. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು 1604ರ ಸುಮಾರಿಗೆ ಅಲ್ಲಿ ತಂಬಾಕನ್ನು ಕಂಡು, ವಿಚಿತ್ರ ವಸ್ತುವೆಂದು ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಆದಿಲಶಾಹಿಯ ಈ ಪಶ್ಚಿಮ ನೆಲದಲ್ಲಿ ನಿಪ್ಪಾಣಿಯು ಮುಂದೆ ಬೀಡಿ ತಂಬಾಕಿನ ದೊಡ್ಡ ಪೇಟೆಯಾಯಿತು. ಬೆಲೆಗಾಗಿ 1981ರಲ್ಲಿ ಅಲ್ಲಿಯ ರೈತರು ಹೂಡಿದ ಚಳುವಳಿಯಲ್ಲಿ ಗೋಳೀಬಾರಾಗಿ ಪ್ರಾಣಹಾನಿಯಾದುದು ಈಚಿನ ಇತಿಹಾಸ. ಎರಡನೆಯದು ಕಬ್ಬು. ಕಬ್ಬು ಈ ನಾಡಿಗೆ ಹೊಸದಲ್ಲ. ಹೊಸದಾದದ್ದು ಅದರ ವಿಸ್ತಾರ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿಯೂ, ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿಯೂ ಇದ್ದುದರಿಂದ 1884ರ ಬೆಳಗಾವಿ ಗ್ಯಾಝೆಟಿಯರಿನಲ್ಲಿ ಒಂದು ಭಾಗದ ವರ್ಣನೆಯೂ, 1886ರ ಕೊಲ್ಲಾಪುರ ಗ್ಯಾಝೆಟಿಯರಿನಲ್ಲಿ ಇನ್ನೊಂದು ಭಾಗದ್ದೂ ಹಂಚಿಹೋಗಿವೆ. ಆ ಕಾಲದ ಕಬ್ಬು ಬಾವಿಯ ನೀರಿಗೂ ಹೊಳೆಯ ದಂಡೆಗೂ ಸೀಮಿತವಾದ ತೋಟದ ಬೆಳೆ, ಹೊಲವೆಂದರೆ ಜೋಳವೇ. ಉಗಾರದಲ್ಲಿ 1939ರಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪಿತವಾದ ಮೇಲೆ, ಘಟಪ್ರಭೆಯ ಹಿಡಕಲ್ ಜಲಾಶಯದ ಕಾಲುವೆಗಳೂ ಕೃಷ್ಣೆಯಿಂದ ನೀರೆತ್ತುವ ಯಂತ್ರಗಳೂ ಬಂದ ಮೇಲೆ, ಕಬ್ಬು ತೋಟದಿಂದ ಹೊಲಕ್ಕೆ ಇಳಿಯಿತು.

ಇದರ ಪರಿಣಾಮವು ಹೊಲದೂಟದ ಮೇಲೆ ಆಗದೆ ಇರಲಿಲ್ಲ. ಕಬ್ಬು ಒಂದು ವರ್ಷವನ್ನೋ ಅದಕ್ಕಿಂತ ಹೆಚ್ಚನ್ನೋ ನೆಲದಲ್ಲಿ ಕಳೆಯುವುದರಿಂದ ಮುಂಗಾರಿ ಹಿಂಗಾರಿಗಳ ಭೇದವನ್ನೇ ಅಳಿಸುತ್ತದೆ. ಅದರ ಸಾಲಿನಲ್ಲಿ ಅಕ್ಕಡಿಗೆ ಎಡೆಯು ಕಡಿಮೆ. ಶೀಗಿ ಹುಣ್ಣಿಮೆಯ ದಿನ ಕಬ್ಬಿನ ಹೊಲಕ್ಕೆ ಹೋದವರು ಪೂಜೆಯನ್ನು ಮಾಡಬಹುದು, ಮಾಡುತ್ತಲೂ ಇದ್ದಾರೆ. ಆದರೆ ಬುತ್ತಿಯ ಜೋಳ, ಎಳ್ಳು, ಪುಂಡಿಗಳನ್ನು ಪೇಟೆಯಿಂದ ಕೊಂಡು ತರಬೇಕು. ರೊಕ್ಕದ ದೃಷ್ಟಿಯಿಂದ ಈ ಮಾರ್ಪಾಡನ್ನು ಹಳಿಯುವುದು ನ್ಯಾಯವಲ್ಲ. ಬರದ ಭಯದಲ್ಲಿ ತಲೆಮಾರುಗಳನ್ನು ಕಳೆದ ನೆಲಕ್ಕೆ ನೀರು ಬಂದಾಗ ಬೆಲೆಯುಳ್ಳ ಬೆಳೆಯನ್ನು ಬೆಳೆಯಬೇಡವೆಂದು ಯಾರೂ ಹೇಳಲಾರರು. ನೋಡಬೇಕಾದದ್ದು ಹಕ್ಕಿನ ಗತಿಯನ್ನು. ಕಾರಖಾನೆಗೆ ಹೋಗುವ ಕಬ್ಬು ತೂಕದ ಸರಕು. 1966ರ ಕಬ್ಬು ನಿಯಂತ್ರಣಾಜ್ಞೆಯ ಮೇರೆಗೆ ಒಂದು ಪ್ರದೇಶದ ಕಬ್ಬನ್ನು ಒಂದು ಕಾರಖಾನೆಗೆ ಮೀಸಲಿಡಬಹುದು. ಮನುವು ಪಥಿಕನಿಗೆ ಬಿಟ್ಟ ಎರಡು ಕಬ್ಬುಗಳಿಗೆ ಈ ಆಜ್ಞೆಯಲ್ಲಿ ಸ್ಥಾನವಿಲ್ಲ.

ಇತ್ತ ವಿನೋದವು ಮಾತ್ರ ಮರಳಿ ಬಂದಿದೆ. ಕೃಷ್ಣೆಯ ಉತ್ತರಕ್ಕೆ, ಮಹಾರಾಷ್ಟ್ರದಲ್ಲಿ, ಚಳಿಗಾಲದ ವಾರಾಂತ್ಯಗಳಲ್ಲಿ ಪಟ್ಟಣಿಗರು ಹಣ ತೆತ್ತು ಹೊಲಗಳಿಗೆ ಬಂದು ಹುರಡಾ ತಿಂದು ಹೋಗುವ ವ್ಯವಹಾರವು ಬೆಳೆದು ನಿಂತಿದೆ. ಕರ್ನಾಟಕದಲ್ಲಿಯೂ ಕೃಷಿ ಪ್ರವಾಸವೆಂಬ ಹೆಸರಿನಿಂದ ಇದು ಕಾಲಿಡುತ್ತಿದೆ. ಸಂಯುಕ್ತ ರಾಷ್ಟ್ರಸಂಘವು 2023ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳ ಸಜ್ಜೆಗಳಿಗೆ ಪಟ್ಟಣದಲ್ಲಿ ಮರ್ಯಾದೆಯೂ ಹೆಚ್ಚಿತು. ಇದನ್ನು ನವೀನವೆಂದು ಹೊಗಳುವವರೂ ಸಂಪ್ರದಾಯದ ಮಾರಾಟವೆಂದು ತೆಗಳುವವರೂ ವಾತ್ಸ್ಯಾಯನನನ್ನು ಓದಿರಲಾರರು. ಇದು ಹಳೆಯ ಅಭ್ಯೂಷಖಾದಿಕೆಯೇ. ನಾಗರಕನು ಆಗಲೂ ಹೊಲದ ಒಡೆಯನಾಗಿರಲಿಲ್ಲ. ತಿಂದುದಕ್ಕೆ ಈಗ ಬೆಲೆ ಕೊಡುತ್ತಾನೆಂಬುದು ಒಕ್ಕಲಿಗನ ಪಾಲಿಗೆ ಲಾಭವೇ ಸರಿ, ಮತ್ತು ಜೋಳವನ್ನು ಬಿತ್ತಲು ಅವನಿಗೆ ಒಂದು ಕಾರಣವೂ ದೊರೆಯುವುದು. ಆದರೆ ಟಿಕೀಟಿನ ಸೀತನಿಗೆ ದಾರಿಹೋಕನು ಬರಲಾರನು.

ಹಳೆಯ ಹಕ್ಕಿನ ಅವಶೇಷವನ್ನು ಈ ಸೀಮೆಯಲ್ಲಿ ಹುಡುಕಬೇಕಾದರೆ ಕಬ್ಬಿನಲ್ಲಿಯೇ ಹುಡುಕಬೇಕು. ಇದು ಸ್ವಲ್ಪ ವಿಚಿತ್ರವೇ ಸರಿ. ಕಾರಖಾನೆಗೆ ಹೋಗದ ಕಬ್ಬು ಬೆಲ್ಲದ ಗಾಣಕ್ಕೆ ಹೋಗುತ್ತದೆ. ದೀಪಾವಳಿಯ ಹಿಂದುಮುಂದೆ ಗಾಣಗಳು ಹೂಡುವುದಕ್ಕೆ ತೊಡಗುತ್ತವೆ. ಎತ್ತಿನ ಗಾಣವು ಹೋಗಿ ಯಂತ್ರದ ಗಾಣವು ಬಂದಿದೆ, ಕೊಪ್ಪರಿಗೆಯ ಕೆಳಗಿನ ಉರಿಗೆ ಸಿಪ್ಪೆಯೇ ಉರುವಲಾಗಿದೆ. ಅಲ್ಲಿಗೆ ಬಂದವನು ಪರಿಚಿತನಿರಲಿ ಅಪರಿಚಿತನಿರಲಿ, ಅವನಿಗೆ ಒಂದು ತಂಬಿಗೆ ಕಬ್ಬಿನ ಹಾಲನ್ನೂ, ಎಲೆಯ ಮೇಲೆ ಒಂದು ಹಿಡಿ ಬಿಸಿ ಬೆಲ್ಲವನ್ನೂ ಕೊಡುವ ವಾಡಿಕೆಯು ಉಳಿದುಕೊಂಡಿದೆ. ಇದನ್ನು ಮಾಪಿನಲ್ಲಿ ಹಿಡಿಯುವುದಿಲ್ಲ.